ಯಾರ ಮಾತು ಪ್ರಮಾಣ?

ವಿಜ್ಞಾನ ಓದುವ ಮಕ್ಕಳಿಗೆ ನಂಬುವುದನ್ನು ಕಲಿಸುವುದು ನನ್ನ ಕೆಲಸ. ಹೀಗೆಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟರುಗಳು ನಗುತ್ತಾರೆ. ವಿಜ್ಞಾನವೆಂದರೆ ಸಂಶಯವಂತೆ, ನಂಬಿಕೆ ಏನಿದ್ದರೂ ಗುಡಿಯ ಬಾಗಿಲೊಳಗಿನ ಮಾತಂತೆ. ವೇಳಾಪಟ್ಟಿಯಲ್ಲಿ ನನ್ನ ತರಗತಿಗೆ 'ಮಾಹಿತಿ ಸಾಕ್ಷರತೆ' ಎಂಬ ಘನವಾದ ಹೆಸರಿದೆ. ಹುಡುಗರ ಬಾಯಲ್ಲಿ ಅದು 'ಲೈಬ್ರರಿ ಅವರ್'. ಕಾರ್ಡು ಕೊಡುವುದು, ಇ-ಜರ್ನಲ್ಲುಗಳ ಪಾಸ್‌ವರ್ಡ್ ಹೇಳುವುದು, ಪುಸ್ತಕ ತಡವಾದರೆ ದಂಡ ಎಷ್ಟೆಂದು ಎಚ್ಚರಿಸುವುದು, ಅಲ್ಲಿಗೆ ಮುಗಿಯಿತು ಎಂಬುದು ಆಡಳಿತ ಮಂಡಳಿಯವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ನಮ್ಮ ದೇಶದ ತಾರ್ಕಿಕರು ಸಾವಿರಾರು ವರ್ಷ ಜಗಳವಾಡಿದ ಒಂದೇ ಒಂದು ಪ್ರಶ್ನೆಯ ಪಾಠ. ನಾನು ಕಾಣದ ವಿಷಯದಲ್ಲಿ ಇನ್ನೊಬ್ಬರ ಮಾತು ನನಗೆ ಯಾವಾಗ ಪ್ರಮಾಣವಾಗುತ್ತದೆ?

ಆ ಜಗಳ ನನ್ನ ಕಿವಿಗೆ ಬಿದ್ದದ್ದು ಮನೆಯಲ್ಲೇ. ಅಪ್ಪ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಹೇಳಿಕೊಡುತ್ತಿದ್ದವರು. ಸಂಜೆ ಹುಡುಗರು ಜಗಲಿಯ ಮೇಲೆ ಕೂತು ಅನ್ನಂಭಟ್ಟನ ತರ್ಕಸಂಗ್ರಹವನ್ನು ಒಪ್ಪಿಸುವಾಗ ನಾನು ನಡುಮನೆಯಲ್ಲಿ ಅವರೇಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಲ್ಕನೆಯದಕ್ಕೆ, ಅಂದರೆ ಇನ್ನೊಬ್ಬರ ಮಾತಿಗೆ, ಬಂದಾಗ ಅಪ್ಪ ಒಂದು ಕ್ಷಣ ನಿಲ್ಲಿಸಿ, "ಇದೊಂದಿಲ್ಲದಿದ್ದರೆ ನಿನ್ನ ಅಪ್ಪ ಯಾರು ಅನ್ನೋದೂ ನಿನಗೆ ಗೊತ್ತಾಗ್ತಿರಲಿಲ್ಲ ಕಣೋ" ಎಂದು ಯಾವನಾದರೊಬ್ಬ ಹುಡುಗನನ್ನು ಕೆಣಕುತ್ತಿದ್ದರು. ಮುಂದೆ ನಾನು ಗ್ರಂಥಾಲಯ ವಿಜ್ಞಾನ ಓದಿದೆ, ಅದರಲ್ಲೇ ಹೊಟ್ಟೆ ಹೊರೆದೆ. ಆದರೆ ಈ ತರಗತಿಗೆ ಬೇಕಾದ ಬಂಡವಾಳ ಸಿಕ್ಕಿದ್ದು ಆ ಜಗಲಿಯಿಂದ.

ಪ್ರತಿವರ್ಷ ಒಬ್ಬನಾದರೂ ಎದ್ದು ನಿಂತು, "ಮೇಡಂ, ಸೈನ್ಸ್‌ನಲ್ಲಿ ಯಾರ ಮಾತನ್ನೂ ನಂಬಬಾರದು, ಎಲ್ಲಾ ನಾವೇ ಟೆಸ್ಟ್ ಮಾಡಿ ನೋಡಬೇಕು" ಎನ್ನುತ್ತಾನೆ. ಚುರುಕಾದ ಹುಡುಗನೇ ಹೀಗೆ ಹೇಳುವುದು.

"ಉಕ್ಕಿನ ಯಂಗ್ಸ್ ಮಾಡ್ಯುಲಸ್ ಎಷ್ಟಪ್ಪಾ?"

"ಇನ್ನೂರು ಗಿಗಾಪಾಸ್ಕಲ್, ಮೇಡಂ."

"ಲ್ಯಾಬಿನಲ್ಲಿ ಅಳೆದಾಗ ಎಷ್ಟು ಬಂತು?"

ಇಡೀ ತರಗತಿ ನಗುತ್ತದೆ. ಲ್ಯಾಬಿನಲ್ಲಿ ನೂರ ಎಪ್ಪತ್ತೋ ಇನ್ನೂರ ಮೂವತ್ತೋ ಬಂದದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಇನ್ನೂರರ ಹತ್ತಿರಕ್ಕೆ ತಿದ್ದಿ ಬರೆದವರೇ ಎಲ್ಲರೂ. ಕಣ್ಣಾರೆ ಕಂಡದ್ದಕ್ಕಿಂತ ಪುಸ್ತಕದ ಮಾತು ಹೆಚ್ಚು ಎಂದು ಕೈಯಾರೆ ಒಪ್ಪಿದವರು, ಬಾಯಲ್ಲಿ ಮಾತ್ರ ಯಾರನ್ನೂ ನಂಬೆವು ಎನ್ನುತ್ತಾರೆ. ತಿದ್ದಿದ್ದು ತಪ್ಪು, ಅದು ಬೇರೆ ಮಾತು. ಆದರೆ ತಮ್ಮ ಸಡಿಲವಾದ ಡಯಲ್ ಗೇಜಿಗಿಂತ ನೂರಾರು ಪ್ರಯೋಗಶಾಲೆಗಳ ಒಮ್ಮತದ ಮಾತು ದೊಡ್ಡದು ಎಂದು ಅವರ ಮನಸ್ಸು ತೂಗಿತಲ್ಲ, ಆ ತೂಕ ಸರಿಯಾಗಿಯೇ ಇದೆ. ಹಾಗೆ ತೂಗಿದ್ದು ಯಾವ ಆಧಾರದ ಮೇಲೆ ಎಂದು ಮಾತ್ರ ಅವರಿಗೆ ಗೊತ್ತಿಲ್ಲ.

ಯಾರನ್ನೂ ನಂಬಬಾರದೆಂಬ ಈ ತಪ್ಪು ಕಲ್ಪನೆಗೆ ದೊಡ್ಡವರ ಪರಂಪರೆಯೇ ಇದೆ. ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಹುಟ್ಟಿ, ಆರಂಭದ ವರ್ಷಗಳಲ್ಲೇ, ಯಾರದೇ ಮಾತಿನ ಮೇಲೆ ಏನನ್ನೂ ಒಪ್ಪುವುದಿಲ್ಲ ಎಂಬ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯವನ್ನು ತನ್ನದಾಗಿಸಿಕೊಂಡಿತು. ಹುಟ್ಟಿದ ಐದೇ ವರ್ಷಕ್ಕೆ, 1665ರಲ್ಲಿ, ಅದರ ಕಾರ್ಯದರ್ಶಿ ಒಂದು ಪತ್ರಿಕೆ ಶುರುಮಾಡಿದರು. ದೂರದ ಊರಿನವರು ತಾವು ಕಂಡದ್ದನ್ನು ಬರೆದು ಕಳಿಸಬೇಕು, ಕಾಣದವರು ಅದನ್ನು ಓದಿ ತಿಳಿಯಬೇಕು. ಮಾತನ್ನು ನಂಬೆವು ಎಂದವರ ಮೊದಲ ದೊಡ್ಡ ಕೊಡುಗೆ ಮಾತನ್ನು ಸಾಗಿಸುವ ವ್ಯವಸ್ಥೆ! ಇಂದು ಆ ವ್ಯವಸ್ಥೆ ಎಲ್ಲಿಗೆ ಬಂದು ನಿಂತಿದೆ ಎಂದರೆ, 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಸೇರಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟಗಳ ಲೇಖನದಲ್ಲಿ 24 ಪುಟ ಹೆಸರುಗಳಿಗೇ ಹೋಗಿದೆ. ಆ ಐದು ಸಾವಿರ ಜನರಲ್ಲಿ ಆ ಪ್ರಯೋಗವನ್ನು ಪೂರ್ತಿಯಾಗಿ ತಾನೇ ಪರೀಕ್ಷಿಸಿದೆ ಎನ್ನಬಲ್ಲವರು ಒಬ್ಬರೂ ಇರಲಾರರು. ಒಬ್ಬೊಬ್ಬರೂ ಉಳಿದವರ ಮಾತನ್ನು ನೆಚ್ಚಿಯೇ ಸಹಿ ಹಾಕಿದ್ದು.

ನಮ್ಮಲ್ಲಿ ಚಾರ್ವಾಕರು ಪ್ರತ್ಯಕ್ಷ ಒಂದನ್ನೇ ಪ್ರಮಾಣವೆಂದರು. ವೈಶೇಷಿಕರೂ ದಿಙ್ನಾಗನ ಕಡೆಯ ಬೌದ್ಧರೂ ಇನ್ನೊಬ್ಬರ ಮಾತಿನಿಂದ ತಿಳಿಯುವುದೂ ಒಂದು ಬಗೆಯ ಅನುಮಾನವೇ ಎಂದರು. ಅನುಮಾನವೆಂದರೆ ಇಲ್ಲಿ ತರ್ಕದ ಅರ್ಥದ್ದು. ಹೊಗೆ ಕಂಡು ಬೆಂಕಿ ಊಹಿಸುವಂಥದ್ದು. ಗೌತಮನ ನ್ಯಾಯದರ್ಶನವಾದರೋ ಶಬ್ದವನ್ನು ಸ್ವತಂತ್ರ ಪ್ರಮಾಣವೆಂದು ಎತ್ತಿ ಹಿಡಿದು, ಒಂದು ಷರತ್ತು ಹಾಕಿತು. ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ನೆಂಟನಲ್ಲ, ಬೇಕಾದವನಲ್ಲ. ಭಾಷ್ಯಕಾರ ವಾತ್ಸ್ಯಾಯನನ ಲಕ್ಷಣದ ಪ್ರಕಾರ ಆ ವಿಷಯವನ್ನು ಸ್ವತಃ ಕಂಡು ತಿಳಿದವನು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಅಷ್ಟಕ್ಕೇ ನಿಲ್ಲಿಸದೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಸಾವಿರದೈನೂರು ವರ್ಷಕ್ಕೂ ಹಿಂದೆ ಹೀಗೆ ಹೇಳಲು ಎಷ್ಟು ಗುಂಡಿಗೆ ಬೇಕು ಯೋಚಿಸಿ. ಕುಲ ಬಿಟ್ಟ, ಗಡ್ಡದ ಉದ್ದ ಬಿಟ್ಟ. ನೀನು ಕಂಡಿದ್ದೀಯಾ, ಕಂಡದ್ದನ್ನೇ ಹೇಳುತ್ತಿದ್ದೀಯಾ, ಎರಡೇ ಕೇಳಿದ. ಅಮೆರಿಕದ ಕಾಲೇಜು ಗ್ರಂಥಪಾಲಕರ ಸಂಘ 2016ರಲ್ಲಿ ಒಪ್ಪಿಕೊಂಡ ಚೌಕಟ್ಟಿನಲ್ಲಿ ಅಧಿಕಾರವಾಣಿ ಎಂಬುದು ಸಂದರ್ಭಕ್ಕೆ ತಕ್ಕಂತೆ ರೂಪುಗೊಳ್ಳುವಂಥದ್ದು ಎಂದು ಬರೆದಿದೆ. ಅದನ್ನು ಕಾರ್ಯಾಗಾರದಲ್ಲಿ ಹೊಸ ವಿಚಾರವೆಂದು ಸ್ಲೈಡು ಹಾಕಿ ತೋರಿಸಿದಾಗ ನನಗೆ ಜಗಲಿಯ ಹುಡುಗರ ರಾಗ ಕೇಳಿಸಿದಂತಾಯಿತು.

ಕಾಂಕ್ರೀಟಿನ ಉದಾಹರಣೆಯೊಂದನ್ನು ನಾನು ಸಿವಿಲ್ ವಿಭಾಗದವರಿಗೆ ತಪ್ಪದೆ ಕೊಡುತ್ತೇನೆ. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕವನ್ನು ಅದರ ಬಲದ ವರ್ಗಮೂಲದಿಂದ ಲೆಕ್ಕ ಹಾಕುವ ಸೂತ್ರ ಐಎಸ್ 456 ಸಂಹಿತೆಯಲ್ಲಿದೆ. 1978ರ ಆವೃತ್ತಿಯಲ್ಲಿ ವರ್ಗಮೂಲದ ಮುಂದಿನ ಸಂಖ್ಯೆ 5700. 2000ದ ಆವೃತ್ತಿಯಲ್ಲಿ ಅದು 5000. ಹಳೆಯ ಪಠ್ಯಪುಸ್ತಕದ ಸ್ಕ್ಯಾನ್ ಪ್ರತಿ ಹುಡುಗರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತ ಇಂದಿಗೂ ಒಂದಿಬ್ಬರ ಪ್ರಾಜೆಕ್ಟಿನಲ್ಲಿ 5700 ಬಂದು ಕೂರುತ್ತದೆ. ಎಂ 20 ಕಾಂಕ್ರೀಟಿಗೆ 22,361 ಬರಬೇಕಾದಲ್ಲಿ 25,491 ಬರುತ್ತದೆ, ನೂರಕ್ಕೆ ಹದಿನಾಲ್ಕು ಹೆಚ್ಚು. ತೊಲೆ ಎಷ್ಟು ಬಾಗೀತು ಎಂಬ ಲೆಕ್ಕ ಅದಕ್ಕೆ ತಕ್ಕಂತೆ ಕಡಿಮೆ ಕಾಣುತ್ತದೆ. ಪುಸ್ತಕ ಬರೆದವರು ಸುಳ್ಳು ಹೇಳಲಿಲ್ಲ. ಅವರು ಆಪ್ತರೇ, ಅವರ ಕಾಲದ ಸಂಹಿತೆಯನ್ನು ಇದ್ದಂತೆ ಹೇಳಿದವರು. ಯಾರು ಹೇಳಿದರು ಎಂಬುದರ ಪಕ್ಕದಲ್ಲೇ ಯಾವಾಗ ಹೇಳಿದರು ಎಂಬುದನ್ನೂ ಕೇಳಬೇಕು ಎಂದು ಯಾವ ಉಪನ್ಯಾಸಕ್ಕಿಂತ ಚೆನ್ನಾಗಿ ಈ ಎರಡು ಸಂಖ್ಯೆ ಹೇಳುತ್ತವೆ. (ಆ ಹಳೆಯ ಪುಸ್ತಕವನ್ನು ಲೈಬ್ರರಿಯಿಂದ ತೆಗೆದುಹಾಕಿ ಎಂದು ಒಬ್ಬ ಮೇಷ್ಟರು ಸೂಚಿಸಿದರು. ತೆಗೆಯಲಿಲ್ಲ. ಮೂವತ್ತು ವರ್ಷದ ಹಿಂದಿನ ಕಟ್ಟಡವನ್ನು ಪರಿಶೀಲಿಸುವವನಿಗೆ ಆ ಕಾಲದ ಸಂಹಿತೆಯೇ ಬೇಕಾಗುತ್ತದೆ.)

ಆಪ್ತರನ್ನು ಪಟ್ಟಿಯಿಂದ ಪಡೆಯಬಹುದು ಎಂದು ನಮ್ಮ ವಿಶ್ವವಿದ್ಯಾಲಯಗಳಿಗೆ ಬಹಳ ಆಸೆ. ಒಳ್ಳೆಯ ಜರ್ನಲ್ಲುಗಳಿಗೆಂದು ಯುಜಿಸಿ ಮಾಡಿದ ಕೇರ್ ಪಟ್ಟಿ ಕೆಲವು ವರ್ಷ ನಡೆದು 2025ರಲ್ಲಿ ನಿಂತೂ ಹೋಯಿತು. ಇನ್ನು ಸಮಾನಸ್ಕಂಧರ ಪರಿಶೀಲನೆ ಇದೆ ಎಂದು ಮುಖಪುಟದಲ್ಲಿ ಬರೆದುಕೊಂಡ ಮಾತ್ರಕ್ಕೆ ಏನಾಗುತ್ತದೆ ಎಂಬುದನ್ನು 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ತೋರಿಸಿಕೊಟ್ಟ. ಬೇಕೆಂದೇ ದೊಡ್ಡ ದೊಡ್ಡ ತಪ್ಪು ತುಂಬಿದ ಒಂದು ನಕಲಿ ಲೇಖನವನ್ನು 304 ಮುಕ್ತ ಜರ್ನಲ್ಲುಗಳಿಗೆ ಕಳಿಸಿದ, 157 ಒಪ್ಪಿಕೊಂಡವು. ಪಟ್ಟಿಯೂ ಮೊಹರೂ ನಾವು ಯೋಚಿಸುವ ಶ್ರಮವನ್ನು ಒಂದಿಷ್ಟು ಕಡಿಮೆ ಮಾಡಿಯಾವು, ಪೂರ್ತಿ ತಪ್ಪಿಸಲಾರವು.

ಹೇಳುವವನಲ್ಲಿ ಇರಬಹುದಾದ ದೋಷಗಳನ್ನು ನಮ್ಮ ಶಾಸ್ತ್ರದವರು ನಾಲ್ಕು ಎಂದು ಎಣಿಸುತ್ತಾರೆ. ಭ್ರಮ, ಪ್ರಮಾದ, ವಿಪ್ರಲಿಪ್ಸಾ, ಕರಣಾಪಾಟವ. ಒಂದನ್ನು ಇನ್ನೊಂದಾಗಿ ಕಾಣುವುದು, ಎಚ್ಚರ ತಪ್ಪುವುದು, ಮೋಸ ಮಾಡಬೇಕೆಂಬ ಆಸೆ, ಇಂದ್ರಿಯ ಚುರುಕಾಗಿಲ್ಲದಿರುವುದು. ವಿಜ್ಞಾನದ ಎಡವಟ್ಟುಗಳ ಚರಿತ್ರೆಯನ್ನು ಇದಕ್ಕಿಂತ ಅಚ್ಚುಕಟ್ಟಾಗಿ ವಿಂಗಡಿಸುವ ಪಟ್ಟಿ ನನಗೆ ಬೇರೆ ಸಿಕ್ಕಿಲ್ಲ. ಭ್ರಮೆಗೆ 1903ರಲ್ಲಿ ಫ್ರಾನ್ಸಿನ ಬ್ಲೋಂಡ್ಲೋ ಕಂಡ ಎನ್-ಕಿರಣಗಳಿವೆ, ಪ್ರಮಾದಕ್ಕೆ ಪೌಂಡು-ನ್ಯೂಟನ್ ಗೊಂದಲದಲ್ಲಿ 1999ರಲ್ಲಿ ಹಾಳಾದ ಮಂಗಳ ನೌಕೆಯಿದೆ. ಇವು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ.

ಕರಣಾಪಾಟವ ಹೆಚ್ಚು ಸ್ವಾರಸ್ಯದ್ದು. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ತಂಡ, ಜಿನೀವಾದ ಸರ್ನ್‌ನಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೋಗೆ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬಂದಿವೆ ಎಂದು ಪ್ರಕಟಿಸಿತು. ಐನ್‌ಸ್ಟೈನ್ ಸೋತನೆಂದು ಪತ್ರಿಕೆಗಳು ಕುಣಿದವು. ತಂಡದವರು ಮಾತ್ರ, ತಪ್ಪು ಎಲ್ಲಿದೆಯೋ ನಮಗೆ ಹೊಳೆಯುತ್ತಿಲ್ಲ, ನೀವೂ ನೋಡಿ ಎಂದು ಜಗತ್ತಿನ ಭೌತವಿಜ್ಞಾನಿಗಳನ್ನೆಲ್ಲ ಕರೆದರು. ಮರುವರ್ಷದ ಫೆಬ್ರವರಿಗೆ ದೋಷ ಸಿಕ್ಕಿತು, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್ಲು. ಯಂತ್ರದ ಕಿವಿ ಮಂದವಾಗಿತ್ತು. ಇಲ್ಲಿ ಅವರು ಹೇಳಿದ ಮಾತು ತಪ್ಪು, ಹೇಳಿದ ರೀತಿ ಮಾತ್ರ ಆಪ್ತನದೇ. ಮಾತು ಸುಳ್ಳಾದ ಕೂಡಲೇ ಹೇಳಿದವನು ಸುಳ್ಳನಾಗುವುದಿಲ್ಲ ಎಂಬ ಈ ಭೇದ ಹತ್ತೊಂಬತ್ತರ ಮಕ್ಕಳಿಗೆ ಹಿಡಿಸುವುದು ನಿಧಾನ. ಅವರಿಗೆ ಒಬ್ಬ ಒಂದೋ ಹೀರೋ, ಇಲ್ಲವೋ ಫ್ರಾಡು.

ನಿಜವಾದ ಫ್ರಾಡೂ ಇದ್ದಾನೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿದ್ದ ಯಾನ್ ಹೆಂಡ್ರಿಕ್ ಶೋನ್ ಅಣುಗಾತ್ರದ ಟ್ರಾನ್ಸಿಸ್ಟರ್ ಮಾಡಿದೆನೆಂದು ಸೈನ್ಸ್, ನೇಚರ್‌ಗಳಲ್ಲಿ ಸಾಲುಸಾಲಾಗಿ ಬರೆದ. ಸಿಕ್ಕಿಬಿದ್ದದ್ದು 2002ರಲ್ಲಿ. ಬೇರೆ ಬೇರೆ ಪ್ರಯೋಗಗಳೆಂದು ಹೇಳಿದ ಗ್ರಾಫುಗಳಲ್ಲಿ ಗದ್ದಲದ ಗೆರೆ, ಅಂದರೆ ಯಂತ್ರದ ಗೊತ್ತುಗುರಿಯಿಲ್ಲದ ನಡುಕ, ಒಂದೇ ತೆರನಾಗಿತ್ತು. ಎರಡು ಸಲ ಮಳೆ ಬಂದರೆ ಹನಿಗಳು ಅದೇ ಜಾಗದಲ್ಲಿ ಬೀಳುತ್ತವೆಯೇ? ಮೂಲ ದತ್ತಾಂಶ ಕೊಡು ಎಂದರೆ ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಅಳಿಸಿದೆ ಎಂದ. ಆ ಗ್ರಾಫುಗಳನ್ನು ನಾನು ತರಗತಿಯಲ್ಲಿ ಪರದೆಯ ಮೇಲೆ ಹಾಕಿ ಸುಮ್ಮನೆ ನಿಲ್ಲುತ್ತೇನೆ. ಸಾಮಾನ್ಯವಾಗಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮುಂದಿನ ಬೆಂಚಿನವರೆಲ್ಲ ಶೀರ್ಷಿಕೆ ಓದುತ್ತಿರುವಾಗ, "ಮೇಡಂ, ಎರಡೂ ಒಂದೇ ಗೆರೆ" ಎನ್ನುತ್ತಾಳೆ. ನಮ್ಮವರ ಗಾದೆಯೇ ಇದೆಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು.

ಇಷ್ಟರ ನಡುವೆ ಪುಷ್ಪಕ ವಿಮಾನ ಬಂದೇ ಬರುತ್ತದೆ. ಏರೋನಾಟಿಕ್ಸ್ ಓದುವ ಒಬ್ಬ, ಸಾಮಾನ್ಯವಾಗಿ ಬಹಳ ವಿನಯದ ಹುಡುಗ, ವೈಮಾನಿಕ ಶಾಸ್ತ್ರದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಕೇಳುತ್ತಾನೆ. ನನ್ನ ಅಭಿಪ್ರಾಯ ತಗೊಂಡು ಏನು ಮಾಡುತ್ತೀ, ಎರಡು ಓದು ಕೊಡುತ್ತೇನೆ ಎಂದು ಒಂದು ಪುಸ್ತಕವನ್ನೂ ಒಂದು ಲೇಖನವನ್ನೂ ಮುಂದಿಡುತ್ತೇನೆ. ಪುಸ್ತಕ ಮೈಸೂರಿನ ಜಿ. ಆರ್. ಜೋಶ್ಯರ್ ಇಂಗ್ಲಿಷ್ ಅನುವಾದದೊಡನೆ 1973ರಲ್ಲಿ ಹೊರತಂದದ್ದು, ಭರದ್ವಾಜ ಮಹರ್ಷಿಯ ಹೆಸರಿನಲ್ಲಿ. ಲೇಖನ ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ ಮೊದಲಾದ ಐವರು ಬರೆದದ್ದು. ಅಮೆರಿಕದ ಪಾಲ್ ಝುರ್ಕೋವ್‌ಸ್ಕಿ 'ಮಾಹಿತಿ ಸಾಕ್ಷರತೆ' ಎಂಬ ಹೆಸರನ್ನು ಮೊದಲು ಬಳಕೆಗೆ ತಂದದ್ದೂ 1974ರಲ್ಲೇ. ಆತ ಹೆಸರಿಡುತ್ತಿದ್ದ ಹೊತ್ತಿಗೆ ನಮ್ಮವರು ಅದನ್ನು ಮಾಡಿಯೇ ತೋರಿಸುತ್ತಿದ್ದರು.

ಆ ಐವರು ಕೇಳಿದ ಪ್ರಶ್ನೆಗಳ ಸರದಿ ನೋಡಿ. ಈ ಪಠ್ಯ ಎಲ್ಲಿಂದ ಬಂತು? ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ತಮಗೆ ಸ್ಫುರಿಸಿದ್ದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಾಯಲ್ಲಿ ಹೇಳಿ ಬರೆಸಿದ್ದು. ಭಾಷೆ ಎಂಥದ್ದು? ಈಚಿನ ಕಾಲದ ಸರಳ ಸಂಸ್ಕೃತ, ವೈದಿಕದ ಗುರುತಿಲ್ಲ. 1904ಕ್ಕಿಂತ ಹಿಂದೆ ಈ ಗ್ರಂಥ ಇದ್ದುದಕ್ಕೆ ಆಧಾರವಿಲ್ಲ. ಚಿತ್ರಗಳನ್ನು ಬರೆದವರು ಯಾರು? ಎಲ್ಲಪ್ಪ ಎಂಬ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರು. ಇಷ್ಟನ್ನು ವಿಚಾರಿಸಿಕೊಂಡ ಮೇಲೆ ಮುಂದಿನ ಪ್ರಶ್ನೆ: ಅದಿರಲಿ, ಹೇಳಿದ ವಿಮಾನ ಹಾರುತ್ತದೆಯೇ? ಶಕುನ, ಸುಂದರ, ರುಕ್ಮ, ತ್ರಿಪುರ, ಒಂದೊಂದರ ಆಕಾರವನ್ನೂ ತೂಕವನ್ನೂ ಹಿಡಿದು ನೋಡಿ, ಯಾವುದೂ ಹಾರಲಾರದು ಎಂದರು. ಗೇಲಿ ಮಾಡಲಿಲ್ಲ, ಗ್ರಂಥವನ್ನು ಓದದೆ ಎಸೆಯಲೂ ಇಲ್ಲ. ಆ ಲೇಖನ ಬಂದು ನಲವತ್ತು ವರ್ಷವಾದ ಮೇಲೆ, 2015ರ ಜನವರಿಯಲ್ಲಿ, ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ವೇದಕಾಲದ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಹುಡುಕಿದ್ದರೆ ಸಿಗುತ್ತಿತ್ತು. ಹುಡುಕಲಿಲ್ಲ.

"ಹಾಗಾದರೆ ಋಷಿಗಳ ಮಾತನ್ನು ನಂಬಬಾರದಾ ಮೇಡಂ? ನಮ್ಮಜ್ಜಿ ದೇವರ ಬಗ್ಗೆ ಹೇಳೋದು?" ಹುಡುಗನ ಮುಖದಲ್ಲಿ ನೋವಿರುತ್ತದೆ. ಈ ಪ್ರಶ್ನೆಯನ್ನು ವಿಜ್ಞಾನ ಸಂಘದವರ ಹಾಗೆ ತಳ್ಳಿಹಾಕಲು ನನಗೆ ಮನಸ್ಸು ಬಾರದು, ತಳ್ಳಿಹಾಕಬೇಕಾಗಿಯೂ ಇಲ್ಲ. ನ್ಯಾಯಸೂತ್ರವೇ ಶಬ್ದವನ್ನು ಎರಡಾಗಿ ಸೀಳಿದೆ. ಕಾಣುವ ವಸ್ತುವಿನ ಬಗೆಗಿನದು ದೃಷ್ಟಾರ್ಥ, ಕಾಣದ್ದರ ಬಗೆಗಿನದು ಅದೃಷ್ಟಾರ್ಥ. ಕಾಣದ್ದರಲ್ಲಿ ಋಷಿಯನ್ನು ಯಾಕೆ ನಂಬಬೇಕು ಎಂಬುದಕ್ಕೆ ನೈಯಾಯಿಕರು ಕೊಟ್ಟ ಕಾರಣ ಆಯುರ್ವೇದದ್ದು. ಮದ್ದು ಕೊಟ್ಟಾಗ ರೋಗ ವಾಸಿಯಾಗುವುದನ್ನು ಕಂಡಿದ್ದೇವೆ. ಕಾಣುವ ವಿಷಯದಲ್ಲಿ ಪರೀಕ್ಷೆಗೆ ನಿಂತ ಮಾತಿನ ಯಜಮಾನನನ್ನು ಕಾಣದ ವಿಷಯದಲ್ಲೂ ನೆಚ್ಚಬಹುದು ಎಂದರು. ಆ ವಾದ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಆದರೆ ಅದರ ದಿಕ್ಕನ್ನು ಗಮನಿಸಿ. ನಂಬಿಕೆಯ ಸಾಲ ಕಂಡದ್ದರಿಂದ ಕಾಣದ್ದಕ್ಕೆ ಹೋಗುತ್ತದೆ, ಉಲ್ಟಾ ಹೋಗುವುದಿಲ್ಲ. ಅಜ್ಜಿ ಹೇಳುವ ಮೋಕ್ಷ ಅದೃಷ್ಟ. ಅದಕ್ಕೆ ನನ್ನ ಲೈಬ್ರರಿಯಲ್ಲಿ ತಕ್ಕಡಿಯಿಲ್ಲ. ವಿಮಾನ ದೃಷ್ಟ. ಹಾರಿಸಿ ತೋರಿಸಬೇಕಾದದ್ದಕ್ಕೆ ಮಹರ್ಷಿಯ ಹೆಸರನ್ನು ಅಡ್ಡ ಹಿಡಿದರೆ ಅಗೌರವವಾಗುವುದು ಮಹರ್ಷಿಗೇ. ಆನೇಕಲ್ಲಿನ ಪಠ್ಯಕ್ಕೆ ನ್ಯಾಯಶಾಸ್ತ್ರದ ಪರೀಕ್ಷೆ ಒಡ್ಡಿದ ಆ ಐವರು ವಿಜ್ಞಾನಿಗಳು, ಹೊಗಳಿ ಭಾಷಣ ಮಾಡಿದವರೆಲ್ಲರಿಗಿಂತ ನಮ್ಮ ಪರಂಪರೆಗೆ ಹತ್ತಿರದವರು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲವನ್ನೂ ಪರೀಕ್ಷಿಸುತ್ತ ಕೂತರೆ ಬದುಕುವುದು ಯಾವಾಗ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೀಮಾಂಸಕರ ಕುಮಾರಿಲಭಟ್ಟ ಏಳನೆಯ ಶತಮಾನದಲ್ಲೇ ಇದನ್ನು ಎತ್ತಿ ನೈಯಾಯಿಕರ ಕಾಲೆಳೆದ. ಒಂದು ಜ್ಞಾನ ಸರಿಯೆಂದು ತಿಳಿಯಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಇದಕ್ಕೆ ಕೊನೆಯೆಲ್ಲಿ? ಜ್ಞಾನ ಹುಟ್ಟಿದಾಗಲೇ ಪ್ರಮಾಣ. ಬಾಧಕ ಕಂಡಾಗ, ಹೇಳಿದವನಲ್ಲಿ ದೋಷ ಕಂಡಾಗ ಮಾತ್ರ ಬಿಡು ಎಂದ. ನೈಯಾಯಿಕರು ಬಗ್ಗಲಿಲ್ಲ. ನೀರೆಂದು ಕಂಡದ್ದು ನೀರೇ ಹೌದೆಂದು ಗೊತ್ತಾಗುವುದು ಹೋಗಿ ಕುಡಿದಾಗ ಎಂದರು. ನಾನು ಇಬ್ಬರನ್ನೂ ಇಟ್ಟುಕೊಂಡಿದ್ದೇನೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವಾಗ ಕುಮಾರಿಲನ ಪಕ್ಷ, ಸೇತುವೆಯ ಲೆಕ್ಕ ಹಾಕುವಾಗ ನ್ಯಾಯದ ಪಕ್ಷ. ತಪ್ಪಿದರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಿಕೊಂಡು ಪಕ್ಷ ಆರಿಸಬೇಕು.

ಪರೀಕ್ಷೆಯ ಸರಪಳಿಯೇ ಟೊಳ್ಳಾಗಿರುವ ಸಂದರ್ಭವನ್ನೂ ಹಳಬರು ಕಂಡಿದ್ದರು. ಬಣ್ಣವನ್ನೇ ಕಾಣದವರು ಸಾಲಾಗಿ ನಿಂತು ಒಬ್ಬರಿಂದೊಬ್ಬರು ಕೇಳಿ ಬಣ್ಣದ ವರದಿ ಮಾಡಿದರೆ, ಸಾಲು ಎಷ್ಟೇ ಉದ್ದವಿದ್ದರೂ ಅದು ಪ್ರಮಾಣವಾಗದು ಎಂದು ಅಂಧಪರಂಪರೆಯ ಹೆಸರಿಟ್ಟರು. ಪಾಲಕ್ ಸೊಪ್ಪಿನ ಕಥೆ ಕೇಳಿರಬೇಕು. ಹಿಂದೆ ಜರ್ಮನಿಯ ವಿಜ್ಞಾನಿಯೊಬ್ಬ ದಶಮಾಂಶ ಚುಕ್ಕಿಯನ್ನು ತಪ್ಪು ಜಾಗದಲ್ಲಿಟ್ಟು ಪಾಲಕ್‌ನಲ್ಲಿ ಕಬ್ಬಿಣ ಹತ್ತುಪಟ್ಟು ಹೆಚ್ಚಿದೆಯೆಂದು ಜಗತ್ತನ್ನು ನಂಬಿಸಿದನಂತೆ. ವಿದ್ವತ್ಪತ್ರಿಕೆಗಳು ಇದನ್ನು ಎಚ್ಚರಿಕೆಯ ಕಥೆಯಾಗಿ ಹೇಳುತ್ತ ಬಂದವು. 1981ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಒಂದು ಲೇಖನ ಇದನ್ನು ಆಧಾರ ಕೊಡದೆ ಹೇಳಿತ್ತು. ಮುಂದಿನವರು ಒಬ್ಬರನ್ನು ನೋಡಿ ಒಬ್ಬರು ಬರೆದರು. 2010ರಲ್ಲಿ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞ ಮೂಲ ಹುಡುಕುತ್ತ ಹೋದರೆ ಚುಕ್ಕಿಯ ಕಥೆಗೆ ಪುರಾವೆಯೇ ಇಲ್ಲ. ಆಕರ ನೋಡದೆ ಬರೆಯಬೇಡಿ ಎಂದು ಬುದ್ಧಿ ಹೇಳಿದವರೇ ಆಕರ ನೋಡಿರಲಿಲ್ಲ!

ಈಗ ಮಾತನಾಡುವ ಯಂತ್ರ ಬಂದಿದೆ. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಗೆ ಬಂದದ್ದು. ಅದಾದ ಮೇಲೆ ನನ್ನ ಮೇಜಿಗೆ ಬರುವ ಪ್ರಾಜೆಕ್ಟ್ ರಿಪೋರ್ಟುಗಳ ಕೊನೆಯ ಪುಟ ಬಹಳ ಸುಂದರವಾಗಿದೆ. ಲೇಖಕರ ಹೆಸರು ನಿಜ, ಜರ್ನಲ್ಲಿನ ಹೆಸರು ನಿಜ, ಸಂಪುಟ, ಪುಟ, ವರ್ಷ ಎಲ್ಲ ಇದೆ. ಲೇಖನ ಮಾತ್ರ ಭೂಮಿಯ ಮೇಲೆಲ್ಲೂ ಇಲ್ಲ. "ಯಾಕಮ್ಮಾ ಇದನ್ನು ನಂಬಿದೆ?" ಎಂದು ಒಬ್ಬಳನ್ನು ಕೇಳಿದೆ. "ಅದಕ್ಕೆ ಸ್ವಾರ್ಥ ಇಲ್ಲ ಅಲ್ವಾ ಮೇಡಂ? ಮನುಷ್ಯರಾದರೆ ಪಕ್ಷಪಾತ ಮಾಡ್ತಾರೆ, ಇದು ಯಾಕೆ ಸುಳ್ಳು ಹೇಳುತ್ತೆ?"

ಆ ಹುಡುಗಿಗೆ ಗೊತ್ತಿಲ್ಲದೆ ಅವಳು ಅಪ್ಪಟ ಮೀಮಾಂಸಕಳ ಮಾತಾಡಿದ್ದಳು. ಮಾತಿನ ದೋಷವೆಲ್ಲ ಆಡಿದವನಿಂದ ಬರುತ್ತದೆ. ವೇದವನ್ನು ಆಡಿದವನೇ ಇಲ್ಲ, ಅದು ಅಪೌರುಷೇಯ. ಆದ್ದರಿಂದ ಅದರಲ್ಲಿ ದೋಷಕ್ಕೆ ಆಸ್ಪದವಿಲ್ಲ. ಇದು ಅವರ ವಾದದ ತಿರುಳು. ನೈಯಾಯಿಕರು, ಮುಖ್ಯವಾಗಿ ಹತ್ತನೆಯ ಶತಮಾನದ ಉದಯನ, ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಬಿಸಿಯಾಗಿಯೇ ಇದೆ. ದೋಷ ಆಡಿದವನಿಂದ ಬರುವುದಾದರೆ ಗುಣವೂ ಅವನಿಂದಲೇ ಬರಬೇಕಲ್ಲ? ಆಡಿದವನು ಸರಿಯಾಗಿ ತಿಳಿದಿದ್ದಾನೆ ಎಂಬುದೇ ಮಾತಿನ ಗುಣ. ಆಡುವವನನ್ನೇ ತೆಗೆದರೆ ದೋಷದ ಜೊತೆಗೆ ಗುಣವೂ ಹೋಯಿತು. ಅದಕ್ಕಾಗಿಯೇ ಅವರು ವೇದಕ್ಕೂ ಒಬ್ಬ ಆಪ್ತನನ್ನು, ಈಶ್ವರನನ್ನು, ತಂದು ನಿಲ್ಲಿಸಿದರು. ವೇದದ ಮಟ್ಟಿಗೆ ಗೆದ್ದವರು ಯಾರು ಎಂಬುದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಯಂತ್ರದ ಮಟ್ಟಿಗೆ ಗೆಲುವು ಉದಯನನದೇ. ಅಲ್ಲಿ ಕಂಡವರು ಯಾರೂ ಇಲ್ಲ, ಕಂಡಂತೆ ಹೇಳಬೇಕೆಂಬ ಇಚ್ಛೆಯೂ ಇಲ್ಲ. ಲಕ್ಷಾಂತರ ಜನ ಬರೆದದ್ದನ್ನು ಹೆಸರು ಉಳಿಯದ ಹಾಗೆ ಅರೆದು, ಮುಂದೆ ಯಾವ ಪದ ಬಂದರೆ ಹೊಂದೀತು ಎಂದು ನೋಡಿ ಜೋಡಿಸಿದ ಸಾಲು ಅದು.

ಮೀಮಾಂಸಕರೂ ಅದನ್ನು ಒಪ್ಪುತ್ತಿರಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು. ಕರ್ತೃವಿಲ್ಲದ ಪಠ್ಯವನ್ನು ನಂಬಿದವರು ಅದರ ಒಂದು ಸ್ವರವೂ ಅಲುಗದಂತೆ ಪದ, ಕ್ರಮ, ಜಟೆ, ಘನ ಎಂದು ಹಿಂದುಮುಂದಾಗಿ ಪಠಿಸಿ ಕಾಪಾಡಿದ ಪರಂಪರೆಯ ಜನ. ಯಂತ್ರಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಬೇರೆಯೇ ಪಾಠ ಒಪ್ಪಿಸುತ್ತದೆ. ಇನ್ನು ವಾಕ್ಯಕ್ಕೆ ಬೇಕೆಂದು ತರ್ಕಸಂಗ್ರಹ ಹೇಳುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ (ಪದಗಳು ಒಂದನ್ನೊಂದು ಬೇಡುವುದು, ಅರ್ಥ ಕೂಡಿಬರುವುದು, ಒಟ್ಟಿಗಿರುವುದು) ಮೂರರಲ್ಲೂ ಯಂತ್ರಕ್ಕೆ ಹೆಚ್ಚುಕಡಿಮೆ ಪೂರ್ಣ ಅಂಕ. ಬೆಂಕಿಯಿಂದ ತೋಯಿಸು ಎಂಬಂಥ ಅಯೋಗ್ಯ ವಾಕ್ಯ ಅದರ ಬಾಯಲ್ಲಿ ಬರುವುದು ಅಪರೂಪ. ಅದಕ್ಕೇ ಅದು ಅಪಾಯದ್ದು. ವಾಕ್ಯ ಚೆನ್ನಾಗಿದ್ದರೆ ಹೇಳಿದ್ದೂ ನಿಜವಿರಬೇಕು ಎಂದು ಮಾರ್ಕ್ಸು ಕೊಡುವ ಅಭ್ಯಾಸವನ್ನು ನಾವೇ ಮೇಷ್ಟರುಗಳು ಮಕ್ಕಳಿಗೆ ಹಿಡಿಸಿದ್ದೇವೆ.

ನ್ಯೂಯಾರ್ಕಿನಲ್ಲಿ 2023ರಲ್ಲಿ ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ವಕೀಲರು ಯಂತ್ರ ಹೇಳಿದ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಅವು ಹುಟ್ಟೇ ಇಲ್ಲದ ತೀರ್ಪುಗಳು. ನ್ಯಾಯಾಧೀಶರು ಐದು ಸಾವಿರ ಡಾಲರ್ ದಂಡ ಹಾಕಿದರು. ಅದರಲ್ಲಿ ನನಗೆ ಮರೆಯಲಾಗದ ವಿವರ ಬೇರೆ. ಆ ವಕೀಲ ಪೂರ್ತಿ ಅಸಡ್ಡೆಯವನಲ್ಲ, ವಿಚಾರಿಸಿಯೂ ಇದ್ದ: ಈ ತೀರ್ಪು ನಿಜವೇ ಎಂದು ಅದೇ ಯಂತ್ರವನ್ನು ಕೇಳಿದ್ದ. ಹೌದು ಎಂದಿತಂತೆ.

ಕಾಲೇಜುಗಳನ್ನು ನಡೆಸುವವರಲ್ಲಿ, ಪ್ರಾಜೆಕ್ಟು ನೋಡುವ ಮೇಷ್ಟರುಗಳಲ್ಲಿ ನನ್ನದೊಂದು ಬಿನ್ನಹ. ಮಾಹಿತಿ ಸಾಕ್ಷರತೆಗೆಂದು ಹೊಸ ಪಠ್ಯಪುಸ್ತಕ ಬೇಡ, ಪ್ರಮಾಣಪತ್ರದ ಕೋರ್ಸೂ ಬೇಡ. ಅವು ಇನ್ನೊಂದು ಬಾಯಿಪಾಠವಾಗುತ್ತವೆ. ವೈವಾ ದಿನ ರಿಪೋರ್ಟಿನ ಕೊನೆಯ ಪುಟ ತಿರುಗಿಸಿ, ಯಾವುದಾದರೂ ಒಂದು ಉಲ್ಲೇಖದ ಮೇಲೆ ಬೆರಳಿಟ್ಟು, "ಇದನ್ನು ತೆರೆದು ತೋರಿಸಮ್ಮ. ಬರೆದವರು ಏನನ್ನು ಸ್ವತಃ ಅಳೆದರು, ಯಾವುದನ್ನು ಬೇರೆಯವರಿಂದ ತಗೊಂಡರು, ಹೇಳು" ಎಂದು ಕೇಳಿ. ಐದು ನಿಮಿಷ ಸಾಕು. ಅದಕ್ಕೆ ಹತ್ತು ಅಂಕ ಇಡಿ. ಅಂಕವಿಲ್ಲದ ಪ್ರಶ್ನೆಗೆ ನಮ್ಮ ಮಕ್ಕಳು ಉತ್ತರ ಹುಡುಕುವುದಿಲ್ಲ.